ಖುಲಾ ಆದ ಎಂಜಿನ್

ಕಲಬುರಗಿಯಲ್ಲಿ ಹಳೇ ಗಾಡಿ ಮಾರಲು ನಿಂತರೆ ಜನ ಮೊದಲು ರೇಟು ಕೇಳುವುದಿಲ್ಲ. ಬಾನೆಟ್ ಎತ್ತುವುದಕ್ಕೂ ಮೊದಲೇ ಒಂದು ಪ್ರಶ್ನೆ ಬರುತ್ತದೆ: "ಎಂಜಿನ್ ಖುಲಾ ಆಗ್ಯಾದೇನ್ರಿ?"

ಖುಲಾ ಅಂದರೆ ಬಿಚ್ಚಿದ್ದು. ಕಂಪನಿಯಿಂದ ಬಂದ ಮೇಲೆ ಒಮ್ಮೆಯೂ ಪಾನೆ (ಸ್ಪ್ಯಾನರ್) ತಾಗದ ಎಂಜಿನ್‌ಗೆ ಇಲ್ಲಿ "ಸೀಲ್ ಎಂಜಿನ್" ಅಂತಾರೆ. ಅದಕ್ಕೆ ಮರ್ಯಾದೆ. ಎರಡು ಲಕ್ಷ ಕಿಲೋಮೀಟರ್ ಓಡಿ, ದಿನಾ ಆಯಿಲ್ ಕುಡಿಯುತ್ತಾ, ಸೈಲೆನ್ಸರ್‌ನಲ್ಲಿ ನೀಲಿ ಹೊಗೆ ಬಿಡುತ್ತಾ ಇದ್ದರೂ ಸೀಲ್ ಅಂದರೆ ಸೀಲೇ. ಬಿಚ್ಚಿ, ತೊಳೆದು, ಹೊಸ ಪಿಸ್ಟನ್ ಹಾಕಿ ಕೂಡಿಸಿದ ಎಂಜಿನ್ ಅಂದರೆ ಮುಖ ತಿರುವುತ್ತಾರೆ. ನನ್ನದು ಖುಲಾ ಆದ ಎಂಜಿನ್. ಅದನ್ನು ಮುಚ್ಚಿಡದೆ ಮಾರಲು ಹೋಗಿ ಏಳು ತಿಂಗಳು ಹಿಡಿಯಿತು.

ಗಾಡಿ ಯಾವುದು ಅಂತ ಹೇಳಿದರೆ ಅರ್ಧ ಜನಕ್ಕೆ ಗೊತ್ತೇ ಆಗಲ್ಲ. ಸ್ಯಾನ್ ಸ್ಟಾರ್ಮ್. ಗೋವಾದಲ್ಲಿ ತಯಾರಾಗುತ್ತಿದ್ದ, ಎರಡೇ ಸೀಟಿನ, ಮೇಲಿನ ಟಪ, ಅಂದರೆ ಬಟ್ಟೆಯ ಚಾವಣಿ, ಬಿಚ್ಚಬಹುದಾದ ಕಾರು. ಮೈಯೆಲ್ಲ ಫೈಬರ್. ಒಳಗೆ ರೆನೊದ 1149 ಸಿಸಿ ಪೆಟ್ರೋಲ್ ಎಂಜಿನ್, ಸುಮಾರು 60 ಅಶ್ವಶಕ್ತಿ. ಯುರೋಪಿನಲ್ಲಿ ಇದೇ ಎಂಜಿನ್ ಟ್ವಿಂಗೊ, ಕ್ಲಿಯೊ ಥರದ ಸಣ್ಣ ಮನೆ ಕಾರುಗಳಲ್ಲಿ ಇತ್ತು. ಹಾಗಾಗಿ ಸ್ಪೋರ್ಟ್ಸ್ ಕಾರ್ ಅನ್ನೋದು ನೋಟದ ಮಟ್ಟಿಗೆ ಖರೆ. ರಿಂಗ್ ರೋಡಿನಲ್ಲಿ ಯಾವ ಸ್ವಿಫ್ಟ್ ಬೇಕಾದರೂ ಅದನ್ನು ಹಿಂದೆ ಹಾಕುತ್ತದೆ. ಆದರೆ ಡಿಸೆಂಬರ್ ಮುಂಜಾನೆ ಟಪ ಮಡಚಿ ನಮ್ಮೂರಿನ ಅಪ್ಪನ ಕೆರೆ ಸುತ್ತ ಒಂದು ಸುತ್ತು ಹೋದರೆ, ವಾಕಿಂಗ್ ಬಂದವರೆಲ್ಲ ನಿಂತು ನೋಡುತ್ತಾರೆ. ಆ ಖುಷಿಗೆ ಅಂತಲೇ 2014ರಲ್ಲಿ ಬೆಂಗಳೂರಿನಿಂದ ತಂದಿದ್ದೆ. 2001ರ ಗಾಡಿ.

ನಾನು ಗಂಜ್ ಹತ್ತಿರ ಸಣ್ಣ ಪ್ರಿಂಟಿಂಗ್ ಪ್ರೆಸ್ ಇಟ್ಟವನು. ಮದುವೆ ಕಾರ್ಡು, ದಾಲ್ ಮಿಲ್‌ಗಳ ಬಿಲ್ ಬುಕ್, ಚೀಲದ ಲೇಬಲ್. ಇಂಥವನಿಗೆ ಟಪ ಬಿಚ್ಚೋ ಗಾಡಿ ಯಾಕೆ ಅಂತ ನಮ್ಮ ಮನೆಯಾಕಿ ಹತ್ತು ವರ್ಷ ಕೇಳಿದಳು. ಉತ್ತರ ಕೊಡೋದು ಬಿಟ್ಟಿದ್ದೆ. ಕೊನೆಗೆ ಮಾರೋದಕ್ಕೆ ಕಾರಣ ಅವಳಲ್ಲ, ಅವ್ವನ ಮೊಣಕಾಲು. ಅವ್ವನಿಗೆ ಮೆಟ್ಟಿಲು ಹತ್ತೋದು ಆಗದಂತಾಯಿತು. ಕೆಳಗೆ ಗಾಡಿ ನಿಲ್ಲಿಸುವ ಜಾಗಕ್ಕೆ ಗೋಡೆ ಕಟ್ಟಿ ಒಂದು ಕೋಣೆ ಮಾಡಬೇಕು. ಬೀದಿಯಲ್ಲಿ ನಿಲ್ಲಿಸುವ ಗಾಡಿ ಅಲ್ಲ ಅದು. ಬಟ್ಟೆ ಟಪಕ್ಕೆ ಹುಡುಗರು ಒಂದು ಬ್ಲೇಡ್ ಎಳೆದರೆ ಮುಗಿಯಿತು.

ಎಂಜಿನ್ ಖುಲಾ ಆದ ಕಥೆಯನ್ನು ಬಂದವರಿಗೆಲ್ಲ ಹೇಳಿದ್ದೇನೆ, ಇಲ್ಲೂ ಹೇಳಬೇಕು. 2022ರ ಮೇ ತಿಂಗಳು. ಹುಮನಾಬಾದ್‌ನಲ್ಲಿ ಒಂದು ಮದುವೆ. ಆ ಬಿಸಿಲಲ್ಲಿ ಟಪ ಬಿಚ್ಚೋ ಪ್ರಶ್ನೆಯೇ ಇಲ್ಲ, ಮುಚ್ಚಿಕೊಂಡೇ ಹೊರಟಿದ್ದೆ. ಎಸಿ ಸತ್ತು ವರ್ಷಗಳಾಗಿದ್ದವು. ಕುರಿಕೋಟಾ ಸೇತುವೆ ದಾಟಿ ಕಮಲಾಪುರದ ಕಡೆ ಹೋಗುವಾಗ ಮುಂದೆ ಒಂದು ಸಿಮೆಂಟ್ ಲಾರಿ. ಅದರ ಹಿಂದೆ ಎರಡನೇ ಗೇರಿನಲ್ಲಿ ತೆವಳುತ್ತಾ ಇದ್ದೆ. ಗಾಡಿ ಜೋರಾಗಿ ಓಡುವಾಗ ಗಾಳಿಯೇ ರೇಡಿಯೇಟರ್ ತಣ್ಣಗಿಡುತ್ತದೆ, ತೆವಳುವಾಗ ಫ್ಯಾನ್ ತಿರುಗಬೇಕು. ನನ್ನ ಫ್ಯಾನ್ ತಿರುಗುತ್ತಿರಲಿಲ್ಲ. ಅದರ ರಿಲೇ ಸುಟ್ಟಿತ್ತು ಅಂತ ಆಮೇಲೆ ಗೊತ್ತಾಯಿತು.

ಎಂಜಿನ್ ಬಿಸಿ ತೋರಿಸುವ ಸೂಜಿ ಅರ್ಧ ದಾಟಿತು. ಮುಕ್ಕಾಲು ದಾಟಿತು. ನೋಡಿದೆ. ಕಮಲಾಪುರ ಇನ್ನು ಮೂರೇ ಕಿಲೋಮೀಟರ್, ಅಲ್ಲೇ ನಿಲ್ಲಿಸಿ ನೀರು ಹಾಕಿದರಾಯಿತು ಅಂದುಕೊಂಡೆ. ಆ ಮೂರು ಕಿಲೋಮೀಟರ್‌ಗೆ ನನಗೆ 1,38,000 ರೂಪಾಯಿ ಬಿತ್ತು. ಕೆಂಪು ಬಾಳೆಹಣ್ಣು ಮಾರುವವರ ಬುಟ್ಟಿಗಳು ಕಣ್ಣಿಗೆ ಬೀಳುವ ಹೊತ್ತಿಗೆ ಬಾನೆಟ್ ಕೆಳಗಿಂದ 'ಟಪ್' ಅಂತ ಸದ್ದು. ಹೋಸ್ ಪೈಪ್ ಒಡೆದು ಗಾಜಿನ ತುಂಬ ಹಬೆ. ಆಮೇಲೆ ಕಲ್ಲು ಉಜ್ಜಿದಂಥ ಒಂದು ದನಿ. ಎಂಜಿನ್ ನಿಂತಿತು. ಅಷ್ಟಕ್ಕೇ ಸುಮ್ಮನಿದ್ದರೆ ಚೆನ್ನಾಗಿತ್ತು. ಯಾರೋ ಬೋರ್‌ವೆಲ್ಲಿನ ತಣ್ಣೀರು ಒಂದು ಕೊಡ ತಂದುಕೊಟ್ಟರು. ಕುದಿಯುವ ಎಂಜಿನ್ ಮೇಲೆ ಸುರಿದೆ. ಯಾವ ಮೆಕ್ಯಾನಿಕ್‌ಗೆ ಹೇಳಿದರೂ ಇಲ್ಲಿಗೆ ಬಂದಾಗ ಕಣ್ಣು ಮುಚ್ಚಿಕೊಳ್ಳುತ್ತಾನೆ.

ನಮ್ಮ ಮೆಕ್ಯಾನಿಕ್ ಉಸ್ತಾದ್ ಎಂಜಿನ್ನಿನ ಮೇಲಿನ ಮುಚ್ಚಳದಂಥ ಹೆಡ್ ಬಿಚ್ಚಿ, ಅದರ ಮೇಲೆ ಒಂದು ನೇರ ಪಟ್ಟಿ ಇಟ್ಟು, ಅಡಿಯಲ್ಲಿ ಸಂದಿ ಅಳೆಯುವ ತೆಳು ಫೀಲರ್ ಗೇಜ್ ತೂರಿಸಿ ತೋರಿಸಿದರು. ಹೆಡ್ ಬಾಗಿತ್ತು. ಗ್ಯಾಸ್ಕೆಟ್ ಎರಡನೇ ಮತ್ತು ಮೂರನೇ ಸಿಲಿಂಡರ್ ನಡುವೆ ಸುಟ್ಟು ಕರ್ರಗಾಗಿತ್ತು. ಮೂರನೇ ಪಿಸ್ಟನ್ ಸಿಕ್ಕಿಕೊಂಡು ಬೋರ್, ಅಂದರೆ ಸಿಲಿಂಡರಿನ ಒಳಮೈ, ಉದ್ದಕ್ಕೂ ಉಗುರಿನಿಂದ ಗೀರಿದ ಹಾಗೆ ಗೆರೆ. "ಸಾಬ್, ಹಾಫ್ ಎಂಜಿನ್ ಕೆಲಸದಾಗ ಮುಗಿಯಲ್ಲ. ಪೂರಾ ಮಾಡ್ಬೇಕು" ಅಂದರು.

ಪೂರಾ ಮಾಡಿಸಿದೆ. ಸಿಲಿಂಡರ್ ಇರುವ ಬ್ಲಾಕ್ ಹೈದರಾಬಾದಿನ ಒಂದು ಬೋರಿಂಗ್ (ಸಿಲಿಂಡರ್ ಕೊರೆಯುವ) ಅಂಗಡಿಗೆ ಹೋಯಿತು. ಪಿಸ್ಟನ್, ರಿಂಗ್, ಬೇರಿಂಗ್, ಟೈಮಿಂಗ್ ಬೆಲ್ಟ್, ಗ್ಯಾಸ್ಕೆಟ್ ಸೆಟ್ ಎಲ್ಲ ಟ್ವಿಂಗೊ ಲೆಕ್ಕದಲ್ಲಿ ಹುಡುಕಿ ಹೊರದೇಶದಿಂದ ತರಿಸಬೇಕಾಯಿತು. ಅದಕ್ಕೇ ಎರಡು ತಿಂಗಳು ಹಿಡಿಯಿತು, ಕಸ್ಟಮ್ಸ್ ಸುಂಕ ಬೇರೆ. ನಾಲ್ಕೂ ಸಿಲಿಂಡರ್‌ಗೆ ಹೊಸ ಸ್ಲೀವ್ (ಒಳಕೊಳವೆ) ಕೂಡಿಸಿ ಮತ್ತೆ 69 ಮಿಲಿಮೀಟರ್ ಬೋರಿಗೆ ತಂದರು. ಹೆಡ್ ಫೇಸಿಂಗ್ ಆಯಿತು, ಅಂದರೆ ಬಾಗಿದ ಮೈ ಸಮ ಮಾಡಿದರು. ವಾಲ್ವ್ ಸೀಟ್ ಕಡೆದರು. ಕ್ರ್ಯಾಂಕ್ ಪಾಲಿಶ್ ಆಯಿತು. ಹೊಸ ವಾಟರ್ ಪಂಪ್, ಹೊಸ ಥರ್ಮೋಸ್ಟಾಟ್, ಹೊಸ ಹೋಸ್‌ಗಳು. ಫ್ಯಾನ್ ರಿಲೇ ಮಾತ್ರ ನಮ್ಮೂರಿನ ಸೂಪರ್ ಮಾರ್ಕೆಟ್ ಬಜಾರಿನಲ್ಲಿ ಸಿಕ್ಕಿತು, 180 ರೂಪಾಯಿ. ಇಡೀ ಅನಾಹುತದ ಮೂಲ ಅದೇ ಡಬ್ಬಿ.

ಮೊದಲ 1,000 ಕಿಲೋಮೀಟರ್ ಉಸ್ತಾದ್ ಹೇಳಿದ ಹಾಗೇ ಓಡಿಸಿದೆ. ಎಲ್ಲೂ ಜೋರಿಲ್ಲ, ಒಂದೇ ವೇಗದಲ್ಲಿ ಉದ್ದಕ್ಕೆ ಹಿಡಿಯೋದಿಲ್ಲ. 500ಕ್ಕೆ ಒಮ್ಮೆ, 1,000ಕ್ಕೆ ಒಮ್ಮೆ ಆಯಿಲ್ ಬದಲಿಸಿದೆ. ಮೊದಲ ಸಲ ತೆಗೆದ ಆಯಿಲ್‌ನಲ್ಲಿ ಬೆಳ್ಳಿ ಪುಡಿಯ ಹಾಗೆ ಲೋಹದ ಹೊಳಪಿತ್ತು, ಎರಡನೇ ಸಲ ಇರಲಿಲ್ಲ. ಎಲ್ಲ ಬಿಲ್‌ಗಳನ್ನೂ ಒಂದು ನೀಲಿ ಫೈಲಿಗೆ ಹಾಕಿದೆ. ಬಿಚ್ಚಿದಾಗಿನ ಫೋಟೋಗಳನ್ನು ಪ್ರೆಸ್‌ನಲ್ಲೇ ಪ್ರಿಂಟ್ ತೆಗೆದು ಅದರ ಹಿಂದೆ ಸೇರಿಸಿದೆ. ಮಾರುವ ಹೊತ್ತಿಗೆ ಹೊಸ ಎಂಜಿನ್ 4,200 ಕಿಲೋಮೀಟರ್ ಓಡಿತ್ತು.

ಇಷ್ಟೆಲ್ಲ ಇದ್ದರೆ ಗಿರಾಕಿ ಓಡಿ ಬರುತ್ತಾನೆ ಅಂದುಕೊಂಡಿದ್ದೆ.

ನಾನು ಮಾಡಿದ ಮೊದಲ ತಪ್ಪು ಏಪ್ರಿಲ್‌ನಲ್ಲಿ ಮಾರಲು ಹೊರಟಿದ್ದು. 2024ರ ಏಪ್ರಿಲ್. ಕಲಬುರಗಿಯ ಏಪ್ರಿಲ್‌ನಲ್ಲಿ ಟಪ ಬಿಚ್ಚೋ ಗಾಡಿ ಮಾರೋದು ಅಂದರೆ ಜನವರಿಯಲ್ಲಿ ಕೂಲರ್ ಮಾರಿದ ಹಾಗೆ. ಮೊದಲು ಬಂದ ಹುಡುಗ ಫೋಟೋ ನೋಡಿ ಖುಷಿಯಾಗಿ ಬಂದಿದ್ದ. ಟಪ ತೆಗೆದು ತೋರಿಸಿ ಅಂದ. ತೆಗೆದೆ. ಹತ್ತು ನಿಮಿಷ ಟೈರು, ಲೈಟು ನೋಡಿದ. ಆಮೇಲೆ ಬರ್ಮುಡಾದಲ್ಲಿ ಆ ಕರಿ ಸೀಟಿನ ಮೇಲೆ ಕೂತ. ಕೂತಷ್ಟೇ ಬೇಗ ಎದ್ದ. ಮತ್ತೆ ಫೋನ್ ಮಾಡಲಿಲ್ಲ.

ಎರಡನೆಯವರು ಹಳೇ ಗಾಡಿ ದಲ್ಲಾಳಿ. ಜೊತೆಗೆ ಒಬ್ಬ ಹುಡುಗ. ದಲ್ಲಾಳಿ ಜೇಬಿನಿಂದ ಸ್ಪೀಕರ್‌ನಿಂದ ಕಿತ್ತ ಮ್ಯಾಗ್ನೆಟ್ ತೆಗೆದರು. ಇದು ಎಲ್ಲ ದಲ್ಲಾಳಿಗಳ ಹತ್ತಿರ ಇರುತ್ತದೆ. ತಗಡಿನ ಮೇಲೆ ಹಚ್ಚಿದರೆ ಹಿಡಿಯುತ್ತದೆ. ಒಳಗೆ ದಪ್ಪಗೆ ಪುಟ್ಟಿ ತುಂಬಿದ್ದರೆ ಹಿಡಿಯಲ್ಲ, ಅಂದರೆ ಗಾಡಿ ಗುದ್ದಿಸಿಕೊಂಡಿದೆ ಅಂತ ಲೆಕ್ಕ. ಬಾಗಿಲಿಗೆ ಇಟ್ಟರು. ಮ್ಯಾಗ್ನೆಟ್ ಕೆಳಗೆ ಬಿತ್ತು. ಎತ್ತಿಕೊಂಡು ಮಡ್‌ಗಾರ್ಡ್‌ಗೆ ಇಟ್ಟರು. ಬಿತ್ತು. ಬಾನೆಟ್‌ಗೆ ಇಟ್ಟರು. ಜಾರಿ ವೈಪರ್ ಸಂದಿಗೆ ಹೋಯಿತು.

"ಏನ್ರಿ ಇದು! ಬಂಪರ್‌ನಿಂದ ಡಿಕ್ಕಿ ತನಕ ಬರೀ ಪುಟ್ಟಿ ಅದಲ್ರಿ!"

"ಫೈಬರ್ ಬಾಡಿ ರೀ. ತಗಡೇ ಇಲ್ಲ."

ಅವರು ನಂಬಲಿಲ್ಲ. ಬೆರಳು ಮಡಚಿ ತಟ್ಟಿದರು. ನೀರಿನ ಸಿಂಟೆಕ್ಸ್ ಟ್ಯಾಂಕ್ ತಟ್ಟಿದ ಹಾಗೆ ಬೊದ್ ಅಂತು. ಜೊತೆಗಿದ್ದ ಹುಡುಗ ನಗು ತಡೆಯಲಾಗದೆ ಆ ಕಡೆ ತಿರುಗಿದ. ಫೈಬರ್ ಅಂದರೆ ತುಕ್ಕು ಹಿಡಿಯಲ್ಲ ಅಂತ ನಾನು ಹೇಳುತ್ತಲೇ ಇದ್ದೆ. ಅದು ನಿಜವೂ ಹೌದು. ಇಪ್ಪತ್ಮೂರು ವರ್ಷದ ಗಾಡಿಯ ಬಾಗಿಲಲ್ಲಿ ಒಂದು ತೂತಿಲ್ಲ. ಆದರೆ ಬಣ್ಣದ ಕೆಳಗೆ ಕೂದಲೆಳೆಯಷ್ಟು ಸಣ್ಣ ಬಿರುಕುಗಳಿದ್ದವು, ಹಿಂದಿನ ಚಕ್ರದ ಮೇಲೆ ಒಂದು ಕಡೆ ಜಾಸ್ತಿಯೇ. ಅದನ್ನೂ ತೋರಿಸಿದೆ. ತೋರಿಸಬಾರದಿತ್ತು ಅಂತ ಅವರ ಮುಖವೇ ಹೇಳಿತು.

ಕೊನೆಗೆ ಬಾನೆಟ್ ಎತ್ತಿದರು. ಆ ಪ್ರಶ್ನೆ ಬಂತು. ಹೌದು, ಖುಲಾ ಆಗಿದೆ, ಬಿಲ್ ಇದೆ ಅಂದೆ. ನೀಲಿ ಫೈಲ್ ತೆರೆದೆ. ಅವರು ಅದನ್ನು ಮುಚ್ಚಿ ನನ್ನ ಕೈಗೇ ಕೊಟ್ಟರು.

"ಸರ್, ನಿಮಗ ಒಂದು ಮಾತು ಹೇಳ್ತೀನಿ, ತಪ್ಪು ತಿಳ್ಕೋಬ್ಯಾಡ್ರಿ. ಈ ಫೈಲ್ ಮನ್ಯಾಗ ಇಡ್ರಿ. ಎಂಜಿನ್ ಮ್ಯಾಲ ಒಂದಿಷ್ಟು ಧೂಳು ಇರ್ಲಿ. ತೊಳದು ಇಟ್ಟೀರಿ, ಅದಕ್ಕ ಮಂದಿಗೆ ಸಂಶಯ ಬರ್ತದ. ಕೇಳಿದ್ರ ಸೀಲ್ ಅದ ಅನ್ರಿ. ಮೂರು ಲಕ್ಷಕ್ಕ ನಾ ಕೊಡಸ್ತೀನಿ. ಖುಲಾ ಅಂತ ಹೇಳಿ ಮಾರೋದಿದ್ರ, ನಾ 1,20,000 ಕೊಡ್ತೀನಿ, ನಗದು, ಈಗ."

ಅವರನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ಅವರ ಸಂಶಯಕ್ಕೆ ಕಾರಣ ಇದೆ. ಖುಲಾ ಆದ ಹತ್ತು ಎಂಜಿನ್‌ನಲ್ಲಿ ಎಂಟು ಅರ್ಧಂಬರ್ಧ ಕೆಲಸದವು: ಬರೀ ರಿಂಗ್ ಬದಲಿಸಿ, ಹಳೇ ಬೇರಿಂಗನ್ನೇ ಕೂಡಿಸಿ, ಮಾರೋವರೆಗೆ ಓಡಿದರೆ ಸಾಕು ಅಂತ ಮಾಡಿದವು. ಹೆಡ್ ಬೋಲ್ಟ್‌ಗಳನ್ನು ಟಾರ್ಕ್ ಪಾನೆ ಇಲ್ಲದೆ ಕೈ ಅಂದಾಜಿಗೆ ಬಿಗಿ ಮಾಡಿದವು. ಜನ ಸುಟ್ಟುಕೊಂಡಿದ್ದಾರೆ. ಖುಲಾ ಅನ್ನೋ ಪದ ಕೆಟ್ಟಿದ್ದು ಹಾಗೆ. ನನ್ನ ತಕರಾರು ಇಷ್ಟೇ: ಸುಳ್ಳು ಹೇಳಿದವನಿಗೆ ಮೂರು ಲಕ್ಷ, ಬಿಲ್ ಇಟ್ಟವನಿಗೆ 1,20,000 ಅನ್ನೋ ಲೆಕ್ಕ ಇದ್ದರೆ ಮುಂದಿನವನು ಯಾಕೆ ನೆಟ್ಟಗೆ ಕೆಲಸ ಮಾಡಿಸುತ್ತಾನೆ?

ಆಮೇಲೆ ಬಂದವರ ವಿಷಯ ಬೇಗ ಮುಗಿಸುತ್ತೇನೆ. ಒಬ್ಬರಿಗೆ ಮಗನ ಪ್ರೀ-ವೆಡ್ಡಿಂಗ್ ಶೂಟಿಂಗಿಗೆ ಎರಡು ದಿನ ಬಾಡಿಗೆಗೆ ಬೇಕಿತ್ತು, ಕೊಳ್ಳೋಕೆ ಅಂತ ಹೇಳಿ ಬಂದಿದ್ದರು. ಒಬ್ಬರು ಎಂಟು ಜನ ಕರೆದುಕೊಂಡು ಬಂದರು, ಎರಡು ಸೀಟಿನ ಗಾಡಿ ನೋಡಲು. ಒಬ್ಬರಿಗೆ ಡೀಸೆಲ್ ಎಂಜಿನ್ ಕೂಡಿಸೋಕೆ ಬರುತ್ತಾ ಅಂತ ಅನುಮಾನ. ಹೈದರಾಬಾದಿನ ಒಬ್ಬರು ನಿಜವಾಗಿಯೂ ಆಸಕ್ತಿ ಇದ್ದವರು. ಆದರೆ ತೆಲಂಗಾಣಕ್ಕೆ ಒಯ್ಯಬೇಕಾದರೆ ಎನ್‌ಒಸಿ ತೆಗೆಸಿ, ಅಲ್ಲಿ ಮತ್ತೆ ತೆರಿಗೆ ಕಟ್ಟಿ, ಹೊಸ ನಂಬರ್ ಮಾಡಿಸಬೇಕು. ಲೆಕ್ಕ ಹಾಕಿ ಸುಮ್ಮನಾದರು. ಜೂನ್‌ನಲ್ಲಿ ಮಳೆ ಬಂತು. ಟಪದ ಹೊಲಿಗೆ ಒಂದು ಮೂಲೆಯಲ್ಲಿ ಸೋರುತ್ತಿತ್ತು. ನಾನೂ ಬೇಸತ್ತು ಗಾಡಿ ಮೇಲೆ ಕವರ್ ಎಳೆದು ಬಿಟ್ಟೆ. ಗವಂಡಿಯವರು ಮಾತ್ರ ಗೋಡೆ ಯಾವಾಗ್ರಿ ಅಂತ ವಾರಕ್ಕೊಮ್ಮೆ ಕೇಳುತ್ತಿದ್ದರು.

ನವೆಂಬರ್‌ನಲ್ಲಿ ಕವರ್ ತೆಗೆದೆ. ಗಾಳಿ ತಣ್ಣಗಾಗಿತ್ತು. ಈ ಸಲ ಬರೆದ ಜಾಹೀರಾತಿನಲ್ಲಿ ಮೊದಲ ಸಾಲೇ ಇದು: "ಎಂಜಿನ್ ಪೂರ್ತಿ ಬಿಚ್ಚಿ ಹೊಸದಾಗಿ ಕೂಡಿಸಿದೆ. ಬಿಲ್, ಫೋಟೋ ಇವೆ. ಕಾರಣ ಫೋನಿನಲ್ಲಿ ಹೇಳುತ್ತೇನೆ." ಹೇಗೂ ಕೇಳುತ್ತಾರೆ, ನಾನೇ ಮೊದಲು ಹೇಳಿದರೆ ಬೇಡದವರು ಮನೆ ತನಕ ಬರೋದಾದರೂ ತಪ್ಪುತ್ತದೆ ಅಂತ. ಫೋನ್‌ಗಳು ಕಡಿಮೆಯಾದವು. ನಾಲ್ಕು ಬಂದವು. ಅದರಲ್ಲಿ ಒಂದು ವಾಡಿಯಿಂದ.

ಅವರು ರಿಟೈರ್ಡ್ ಲೋಕೊ ಪೈಲಟ್, ರೈಲು ಓಡಿಸಿದವರು. ಪ್ಯಾಸೆಂಜರ್ ಗಾಡಿ ಹತ್ತಿ ಬಂದಿದ್ದರು, ಸ್ಟೇಷನ್‌ನಿಂದ ನಾನೇ ಬೇರೆ ಗಾಡಿಯಲ್ಲಿ ಕರೆದುಕೊಂಡು ಬಂದೆ. ಬಿಳಿ ಅಂಗಿ, ಕೈಯಲ್ಲಿ ಒಂದು ಬಟ್ಟೆ ಚೀಲ. ನಾನು ಕಾಕಾ ಅಂದೆ, ಅವರು ತಮ್ಮಾ ಅಂದರು. ಮನೆಗೆ ಬಂದು ಚಹಾ ಕುಡಿಯುತ್ತಾ ನೀಲಿ ಫೈಲ್ ಮುಂದಿಟ್ಟುಕೊಂಡು, ಚೀಲದಿಂದ ಕನ್ನಡಕ ತೆಗೆದು, ಒಂದೊಂದೇ ಬಿಲ್ ಓದಿದರು. ಏಳು ತಿಂಗಳಲ್ಲಿ ಆ ಫೈಲ್ ಓದಿದ ಮೊದಲ ಮನುಷ್ಯ. ಬೇರಿಂಗ್ ಬಿಲ್ ಹತ್ತಿರ ನಿಂತರು.

"ಮೇನ್ ಬೇರಿಂಗ್ ಅದ. ಥ್ರಸ್ಟ್ ವಾಷರ್ ಎಲ್ಲಿ?"

ಎದೆ ಧಸಕ್ಕೆಂದಿತು. ಉಸ್ತಾದ್‌ಗೆ ಫೋನ್ ಹಚ್ಚಿದೆ. ಅದೇ ಸೆಟ್‌ನಲ್ಲಿ ಬಂದಿತ್ತು, ಬೇರೆ ಬಿಲ್ ಇಲ್ಲ ಅಂದರು. ಕಾಕಾ ಫೋಟೋಗಳನ್ನು ತಿರುವಿ, ಒಂದರಲ್ಲಿ ಪ್ಯಾಕೆಟ್ ಮೂಲೆಯಲ್ಲಿ ಆ ಅರ್ಧಚಂದ್ರದ ತುಂಡು ಕಂಡುಹಿಡಿದು, ಬೆರಳಿಟ್ಟು, "ಅದ ಅದ" ಅಂದರು.

ಖುಲಾ ಆಗಿದ್ದಕ್ಕೆ ನಿಮಗೆ ಅಡ್ಡಿ ಇಲ್ಲವೇ ಅಂತ ನಾನೇ ಕೇಳಿದೆ. ಅವರಿಗೆ ಪ್ರಶ್ನೆಯೇ ವಿಚಿತ್ರ ಅನಿಸಿತು.

"ತಮ್ಮಾ, ನಾ ಡಬ್ಲ್ಯೂಡಿಎಂ-2 ಡೀಸೆಲ್ ರೈಲು ಎಂಜಿನ್ ನಡಸಿದಾಂವ. ಹದಿನಾರು ಸಿಲಿಂಡರ್, 2600 ಹಾರ್ಸ್ ಪವರ್. ಟೈಮ್ ಬಂತಂದ್ರ ಚಲೋ ಓಡೋ ಎಂಜಿನ್ನೂ ವರ್ಕ್‌ಶಾಪ್‌ನಾಗ ಬಿಚ್ತಾರ. ಪಿಒಎಚ್, ಪೀರಿಯಾಡಿಕ್ ಓವರ್‌ಹಾಲ್ ಅಂತಾರ ಅದಕ್ಕ. ಬಿಚ್ಚಿ ಬಂದಿಲ್ಲಂದ್ರ ನಮಗ ಅಂಜಿಕಿ. ಕೆಟ್ಟು ನಿಂತ ಮ್ಯಾಲ ಬಿಚ್ಚೋದು ನಿಮ್ಮ ಕಾರಿನ ಮಂದಿ ಪದ್ಧತಿ."

ಆಮೇಲೆ ಕೆಲಸ ಶುರುವಾಯಿತು. ರಾತ್ರಿಯಿಂದ ಗಾಡಿ ಸ್ಟಾರ್ಟ್ ಮಾಡಬೇಡಿ ಅಂತ ಅವರು ಮೊದಲೇ ಫೋನಿನಲ್ಲಿ ಹೇಳಿದ್ದರು. ತಣ್ಣಗಿದ್ದಾಗ ಹೇಗೆ ಏಳುತ್ತದೆ ಅಂತ ನೋಡಬೇಕಿತ್ತು. ಮೊದಲು ರೇಡಿಯೇಟರ್ ಮುಚ್ಚಳ ತೆಗೆದು ನೀರಿನ ಮೇಲೆ ಎಣ್ಣೆ ಪಸೆ ಇದೆಯಾ ನೋಡಿದರು. ಆಯಿಲ್ ಮುಚ್ಚಳದ ಒಳಗೆ ಬೆರಳಾಡಿಸಿದರು. ಹೆಡ್ ಗ್ಯಾಸ್ಕೆಟ್ ಹೋಗಿ ನೀರು ಸೇರಿದ್ದರೆ ಅಲ್ಲಿ ಬೆಣ್ಣೆಯಂಥ ಬಿಳಿ ಪದರ ಕೂತಿರುತ್ತದೆ. ಇರಲಿಲ್ಲ. ಸೆಲ್ಫ್ ಹೊಡೆದೆ, ಒಂದೇ ಏಟಿಗೆ ಎದ್ದಿತು. ಓಡುವ ಎಂಜಿನ್ ಮೇಲೆ ಆಯಿಲ್ ಮುಚ್ಚಳ ಬಿಚ್ಚಿ ಸುಮ್ನೆ ಬಾಯಿ ಮೇಲೆ ಇಟ್ಟರು. ಪಿಸ್ಟನ್ ರಿಂಗ್ ಸವೆದಿದ್ದರೆ ಉರಿದ ಗ್ಯಾಸ್ ಕೆಳಗೆ ನುಗ್ಗಿ ಮುಚ್ಚಳ ಕುಣಿಯುತ್ತದೆ, ಹೊಗೆ ಬರುತ್ತದೆ. ಇಲ್ಲಿಯವರು ಅದಕ್ಕೆ ಬ್ಯಾಕ್ ಕಂಪ್ರೆಷನ್ ಅಂತಾರೆ. ಮುಚ್ಚಳ ಸಣ್ಣಗೆ ನಡುಗುತ್ತಾ ಅಲ್ಲೇ ಕೂತಿತ್ತು.

ಆಮೇಲೆ ಒಂದು ಉದ್ದ ಸ್ಕ್ರೂ ಡ್ರೈವರ್ ಕೇಳಿದರು. ಅದರ ತುದಿಯನ್ನು ಬ್ಲಾಕ್‌ಗೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿ, ಕಣ್ಣು ಮುಚ್ಚಿದರು. ಒಂದೊಂದು ಜಾಗಕ್ಕೆ ಅರ್ಧ ನಿಮಿಷ. ಅವರ ಹುಬ್ಬು ಏನಾದರೂ ಹೇಳುತ್ತಾ ಅಂತ ನಾನು ನೋಡುತ್ತಾ ನಿಂತೆ. ವಾಟರ್ ಪಂಪ್ ಹತ್ತಿರ ಎರಡು ಸಲ ಕೇಳಿದರು. ಅವ್ವ ಮೇಲಿನ ಕಟಾಂಜನದಿಂದ ನೋಡುತ್ತಾ, "ಅಂವ ಏನು ಡಾಕ್ಟರೇನ?" ಅಂದಳು.

ಮಧ್ಯಾಹ್ನ ಉಸ್ತಾದ್ ಗ್ಯಾರೇಜಿಗೆ ಹೋಗಿ ಕಂಪ್ರೆಷನ್, ಅಂದರೆ ಒಂದೊಂದು ಸಿಲಿಂಡರಿನ ಒತ್ತಡ, ನೋಡಿದೆವು. ಎಂಜಿನ್ ಬಿಸಿ ಇರಬೇಕು, ನಾಲ್ಕೂ ಪ್ಲಗ್ ಬಿಚ್ಚಬೇಕು, ಪೆಟ್ರೋಲ್ ಬರದ ಹಾಗೆ ಮಾಡಬೇಕು, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಬೇಕು. ಪಿಎಸ್‌ಐ ಲೆಕ್ಕದಲ್ಲಿ 170, 170, 165, 170. ಅಂಕಿ ಜಾಸ್ತಿ ಇರೋದಕ್ಕಿಂತ ನಾಲ್ಕೂ ಒಂದೇ ಸಮ ಇರೋದು ಮುಖ್ಯ. ಕಾಕಾ ಪ್ಯಾಸೆಂಜರ್ ಟಿಕೆಟ್ಟಿನ ಹಿಂದೆ ಬರೆದುಕೊಂಡರು. 165 ಯಾವುದು ಅಂತ ಕೇಳಿದರು. ಮೂರನೆಯದು, ಸಿಕ್ಕಿಕೊಂಡಿದ್ದೂ ಅದೇ ಅಂದೆ. ತಲೆಯಾಡಿಸಿದರು.

"ಈಗ ಅದು ಕೆಟ್ಟು ನಿಂತ ಜಾಗಕ್ಕ ಹೋಗೋಣ ನಡಿ."

ಹೋದೆವು. ಅವರೇ ಓಡಿಸಿದರು. ಟಪ ಮಡಚಿದ್ದೆವು. ಕಪನೂರು ದಾಟಿದ ಮೇಲೆ ಎರಡೂ ಕಡೆ ತೊಗರಿ ಹೂಬಿಟ್ಟು ನಿಂತಿತ್ತು. ಗಾಳಿಗೆ ಅವರ ಬಿಳಿ ಕೂದಲು ಎದ್ದು ನಿಂತಿತ್ತು, ಮುಖದಲ್ಲಿ ನಗುವಿಲ್ಲ, ಕಣ್ಣು ರಸ್ತೆ ಮೇಲೆ, ಆಗಾಗ ಸೂಜಿ ಮೇಲೆ. ಬೇಕಂತಲೇ ಒಂದು ಲಾರಿ ಹಿಂದೆ ಬಿದ್ದು ಎರಡನೇ ಗೇರಿನಲ್ಲಿ ತೆವಳಿಸಿದರು. ಸೂಜಿ ಅರ್ಧಕ್ಕೆ ಬಂತು. ಸ್ವಲ್ಪ ಮೇಲೆ ಹೋಯಿತು. ನನ್ನ ಅಂಗೈ ಬೆವರಿತು. ಫ್ಯಾನ್ ಗುಂಯ್ ಅಂತ ತಿರುಗಿತು. ಸೂಜಿ ಇಳಿಯಿತು. ಕಮಲಾಪುರದಲ್ಲಿ ನಿಲ್ಲಿಸಿ ಒಂದು ಡಜನ್ ಕೆಂಪು ಬಾಳೆಹಣ್ಣು ಕೊಂಡು ಅರ್ಧ ನನಗೆ ಕೊಟ್ಟರು.

ರೇಟಿನ ಮಾತು ವಾಪಸ್ ಬರುವಾಗ ಆಯಿತು. ನಾನು ಕೇಳಿದ್ದು 3,50,000. ಅವರು ಎರಡು ಅಂದರು. ಎಂಜಿನ್ನಿಗೆ ಒಂದು ಪೈಸೆ ಕಡಿಮೆ ಮಾಡಲಿಲ್ಲ, ಅದು ನನಗೆ ಹಿಡಿಸಿತು. ಟಪ ಸೋರುತ್ತದೆ, ಫೈಬರ್ ಬಿರುಕು ಇದೆ, ಎಸಿ ಇಲ್ಲ, ಟೈರು ಹಳೇವು. ಇನ್ನೊಂದು, ಆರ್‌ಸಿ. ಖಾಸಗಿ ಗಾಡಿಗೆ 15 ವರ್ಷ ಆದ ಮೇಲೆ ಐದೈದು ವರ್ಷಕ್ಕೆ ತಪಾಸಣೆ ಮಾಡಿಸಿ ನವೀಕರಿಸಬೇಕು. ನಾನು 2016ರಲ್ಲಿ, 2021ರಲ್ಲಿ ಮಾಡಿಸಿದ್ದೆ. ಮುಂದಿನದು 2026ರಲ್ಲಿ. 2021ರಲ್ಲಿ ನವೀಕರಣದ ಫೀ 600 ರೂಪಾಯಿ ಇತ್ತು, 2022ರ ಏಪ್ರಿಲ್‌ನಿಂದ ಅದು 5,000 ಆಗಿತ್ತು. ಅದನ್ನೂ ಹಿಡಿದರು. 2,60,000ಕ್ಕೆ ಕೈ ಕೊಟ್ಟೆವು. ನನಗೆ ನಷ್ಟವೇ. ಆದರೆ 1,20,000ದಿಂದ ನೋಡಿದರೆ ಬಹಳ ದೂರ ಬಂದಿದ್ದೆ.

20,000 ಅಡ್ವಾನ್ಸ್ ಫೋನಿನಲ್ಲೇ ಹಾಕಿದರು. ಉಳಿದದ್ದು ಬ್ಯಾಂಕಿನಿಂದ ಆರ್‌ಟಿಜಿಎಸ್. ಪೂರ್ತಿ ನಗದು ಕೊಡ್ತೀವಿ ಅಂದ ದಲ್ಲಾಳಿಗಳು ಬಹಳ. ಒಬ್ಬರಿಂದ ಒಂದು ವ್ಯವಹಾರಕ್ಕೆ ಎರಡು ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತಗೊಂಡರೆ ಆದಾಯ ತೆರಿಗೆ ಕಾನೂನಿನಲ್ಲಿ ಅಷ್ಟೇ ದಂಡ ಬೀಳಬಹುದು. ದಂಡ ತಗೊಂಡವನಿಗೆ, ಕೊಟ್ಟವನಿಗಲ್ಲ. ಇದು ಮಾರುವವರು ಮರೆಯುವ ವಿಷಯ.

ಕಾಗದದ ಕೆಲಸ ನಾನು ಹೆದರಿದಷ್ಟು ಇರಲಿಲ್ಲ. ವಾಡಿಯೂ ನಮ್ಮ ಜಿಲ್ಲೆಯೇ, ಕೆಎ-32 ಒಳಗೇ. ಫಾರ್ಮ್ 29, ಫಾರ್ಮ್ 30, ಆರ್‌ಸಿ, ಇನ್ಶುರೆನ್ಸ್, ಹೊಗೆ ತಪಾಸಣೆ ಸರ್ಟಿಫಿಕೇಟ್, ಇಬ್ಬರ ಆಧಾರ್. ಅರ್ಜಿ ಆನ್‌ಲೈನ್, ಒಟಿಪಿ ನನ್ನ ಫೋನಿಗೆ. ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಬೇಕಿತ್ತು. ಎಂಜಿನ್ ನಂಬರಿನದೂ ತೆಗೆದೆವು. ಇಲ್ಲೊಂದು ಮಾತು: ನಾನು ಹಳೇ ಬ್ಲಾಕನ್ನೇ ಸ್ಲೀವ್ ಹಾಕಿಸಿ ಉಳಿಸಿಕೊಂಡಿದ್ದರಿಂದ ನಂಬರ್ ಆರ್‌ಸಿಯಲ್ಲಿದ್ದದ್ದೇ ಇತ್ತು. ಬ್ಲಾಕ್ ಬದಲಿಸಿದ್ದರೆ ಅದನ್ನು ಮೊದಲೇ ಆರ್‌ಸಿಯಲ್ಲಿ ಬರೆಸಬೇಕಾಗುತ್ತಿತ್ತು. ಆಗ ಉಸ್ತಾದ್ ಹಠ ಹಿಡಿದು ಬ್ಲಾಕ್ ಉಳಿಸಿದ್ದು ಯಾಕೆ ಅಂತ ಆವತ್ತು ಅರ್ಥವಾಯಿತು.

ಗಾಡಿಯನ್ನು ಹೆಸರು ಬದಲಾಗದೆ ಬಿಟ್ಟುಕೊಡೋದು ಇಲ್ಲಿ ಮಾಮೂಲು. ಸಹಿ ಹಾಕಿದ ಖಾಲಿ ಫಾರ್ಮ್ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ, ದಲ್ಲಾಳಿ ಅದನ್ನು ಮೂರು ಕೈ ದಾಟಿಸುತ್ತಾನೆ. 2018ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತದ ಪರಿಹಾರದ ಹೊಣೆಯೂ ಅವರದೇ, ಗಾಡಿ ಎಷ್ಟು ಕೈ ದಾಟಿದ್ದರೂ ಸರಿ. ಅದಕ್ಕೇ ಹೆಸರು ಬದಲಾಗೋವರೆಗೆ ಗಾಡಿ ನಮ್ಮನೆಯಲ್ಲೇ ಇರಲಿ ಅಂದೆ. ಕಾಕಾ ಒಪ್ಪಿದರು. ಇನ್ಶುರೆನ್ಸನ್ನೂ ಅವರ ಹೆಸರಿಗೆ ಮಾಡಿಸಿಕೊಂಡರು. ಕೊಟ್ಟ ದಿನ ಎರಡು ಪ್ರತಿ ಚೀಟಿ ಬರೆದು, ತಾರೀಖಿನ ಜೊತೆ ಗಂಟೆ ನಿಮಿಷವನ್ನೂ ಹಾಕಿ ಸಹಿ ಮಾಡಿದೆವು.

ಗಾಡಿ ಹೋದ ದಿನ ವಿಶೇಷ ಏನೂ ಆಗಲಿಲ್ಲ. ಅವ್ವ ಲಿಂಬೆಹಣ್ಣು ಇಳಿತೆಗೆದು ಚಕ್ರದ ಕೆಳಗೆ ಇಟ್ಟಳು. ಕಾಕಾ ಅದರ ಮೇಲೆ ಹಾಯಿಸಿಕೊಂಡು ಹೋದರು. ಮರುದಿನವೇ ಗವಂಡಿ ಇಟ್ಟಿಗೆ ಇಳಿಸಿದ. ನೆಲದ ಮೇಲೆ ಎಲ್ಲೂ ಆಯಿಲ್ ಕಲೆ ಇರಲಿಲ್ಲ. ಅದನ್ನು ಯಾರಿಗಾದರೂ ತೋರಿಸಬೇಕು ಅನಿಸಿತು, ದಲ್ಲಾಳಿಗೆ ಮುಖ್ಯವಾಗಿ.

ನಾನು ಒಂದು ಮರೆತಿದ್ದೆ. ಫಾಸ್ಟ್ಯಾಗ್. ಗಾಜಿನ ಮೇಲೆ ಅಂಟಿಸಿದ್ದು ಹಾಗೇ ಇತ್ತು, ನನ್ನ ಖಾತೆಗೇ ಜೋಡಿಸಿತ್ತು. ಹದಿನೈದು ದಿನ ಆದ ಮೇಲೆ ಪ್ರೆಸ್‌ನಲ್ಲಿ ಪ್ರೂಫ್ ನೋಡುತ್ತಾ ಕೂತಿದ್ದಾಗ ಫೋನ್ ಟಿಂಗ್ ಅಂತು. ಹುಮನಾಬಾದ್ ದಾಟಿ ಹೈದರಾಬಾದ್ ಹೆದ್ದಾರಿಯ ಟೋಲ್‌ನಲ್ಲಿ ದುಡ್ಡು ಕಟ್ಟಾಗಿತ್ತು. ಹುಮನಾಬಾದ್ ದಾಟಿ ಅಂದರೆ ಕಮಲಾಪುರವನ್ನೂ ದಾಟಿರಬೇಕು. ಫೋನ್ ಹಚ್ಚಿದೆ. ಆ ಕಡೆ ಗಾಳಿಯ ಸದ್ದೇ ಜಾಸ್ತಿ. ಗಾಡಿ ಬದಿಗೆ ಹಾಕ್ತೀನಿ ಇರು ಅಂತ ಕೂಗಿದರು. ಸದ್ದು ನಿಂತಿತು.

"ಕಾಕಾ, ಅದು ನನ್ನ ಫಾಸ್ಟ್ಯಾಗ್ ರೀ..."

"ಸೂಜಿ ಅರ್ಧಕ್ಕ ಅದ ತಮ್ಮಾ" ಅಂದರು. "ಅದಕ್ಕ ಫೋನ್ ಮಾಡಿ ಅಲ್ಲೇನು?"